ಬೆಲೆ ಎಲ್ಲಿದ್ದು?

ಅಕ್ಕ ಕನ್ನಡಕ ಏರಿಸಿಕೊಂಡು ನನ್ನ ಲ್ಯಾಪ್‌ಟಾಪ್‌ ಕಡೆ ಸುಮಾರು ಹೊತ್ತು ನೋಡಿದರು. ಪರದೆಯ ತುಂಬ ಮಂಜು ಕವಿದ ಅಡಿಕೆ ತೋಟದ ವಿಡಿಯೋ. ಅದರ ಮೇಲೆ ‘ಮಲೆನಾಡಿನ ರುಚಿ, ಅಜ್ಜಿಯ ಕೈಗುಣ’ ಎಂಬ ಸಾಲು ನಿಧಾನವಾಗಿ ಮೂಡಿ ಬರುತ್ತಿತ್ತು. ಅಕ್ಕನ ಉಪ್ಪಿನಕಾಯಿ ವ್ಯಾಪಾರಕ್ಕೆಂದು ನಾನು ಮೂರು ವಾರ ಕೂತು ಮಾಡಿದ ವೆಬ್ ಪುಟ ಅದು.

‘ಚೊಲೋ ಇದ್ದು ತಂಗಿ,’ ಅಂದರು. ಆಮೇಲೆ ಬೆರಳಿನಿಂದ ಪುಟವನ್ನು ಮೇಲೆ ಕೆಳಗೆ ಸರಿಸಿ ಕೇಳಿದರು, ‘ಬೆಲೆ ಎಲ್ಲಿದ್ದು?’

ಬೆಲೆ ಎಲ್ಲೂ ಇರಲಿಲ್ಲ. ಉಪ್ಪಿನಕಾಯಿ ಚಿತ್ರದ ಕೆಳಗೆ ‘ವಿವರಗಳಿಗೆ ಸಂಪರ್ಕಿಸಿ’ ಎಂದು ಬರೆದಿದ್ದೆ. ಬೆಲೆ ಹಾಕಿದರೆ ಪುಟದ ಅಂದ ಕೆಡುತ್ತದೆ ಅನ್ನುವುದು ಆಗಿನ ನನ್ನ ನಂಬಿಕೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಫೋನ್ ಬಡಿದುಕೊಂಡಿತು.

ಶಿರಸಿಯಿಂದ ಯಲ್ಲಾಪುರ ರಸ್ತೆ ಹಿಡಿದು, ಸ್ವಲ್ಪ ಒಳಗೆ ತಿರುಗಿದರೆ ಅವರ ಮನೆ. ಅಪ್ಪೆಮಿಡಿ ಎಂಬ ಪರಿಮಳದ ಎಳೆ ಮಾವಿನ ಉಪ್ಪಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ, ಜೋನಿ ಬೆಲ್ಲ, ಆಲೆಮನೆ ಕಾಲದಲ್ಲಿ ತೊಡದೇವು ಎಂಬ ಸಿಹಿ ತಿಂಡಿ. ಇಷ್ಟು ಅವರ ವ್ಯಾಪಾರ. ನಾನು ಹೋಗಿದ್ದು ಮೇ ತಿಂಗಳ ಮೊದಲ ವಾರ. ಹೊಸ ಮಿಡಿ ಉಪ್ಪಿನಲ್ಲಿ ಚಿರುಟಿ ಭರಣಿಯಲ್ಲಿ ಕೂತಿತ್ತು. ಹೋದ ವರ್ಷದ ಉಪ್ಪಿನಕಾಯಿಯನ್ನು ಡಬ್ಬಿಗೆ ತುಂಬುವ ಕೆಲಸ ಜಗುಲಿಯ ಮೇಲೆ ನಡೆದಿತ್ತು. ಪುಟ ತೋರಿಸಿ, ಒಪ್ಪಿಗೆ ಪಡೆದು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೊರಡಬೇಕು ಅಂದುಕೊಂಡಿದ್ದೆ. ಹೊರಡಲಿಲ್ಲ. ಅಕ್ಕ ಫೋನಿನಲ್ಲಿ ಆಡುವ ಮಾತು ಕೇಳುತ್ತ ಕೇಳುತ್ತ ಚೀಲದಿಂದ ನೋಟ್‌ಬುಕ್ ತೆಗೆದೆ.

ಮೊದಲ ಕರೆ ಬೆಂಗಳೂರಿನದು. ‘ಎಣ್ಣೆ ಹಾಕಿದ್ದೀರಾ ಮೇಡಂ?’ ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಎಣ್ಣೆ ಇಲ್ಲ, ಇದನ್ನು ಕೆಡದಂತೆ ಕಾಯುವುದು ಉಪ್ಪು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ತೊಟ್ಟು ಮುರಿದರೆ ಸೊನೆ ಹರಿದು ಹೋಗುತ್ತದೆ, ಪರಿಮಳ ಇರುವುದೇ ಆ ಸೊನೆಯಲ್ಲಿ. ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗಿರುತ್ತದೆ, ಅದು ಭರಣಿಯಲ್ಲಿ ಮೆತ್ತಗಾಗುತ್ತದೆ, ಹಾಗಾಗಿ ಅದನ್ನು ಸೇರಿಸುವುದಿಲ್ಲ. ಕೇಳುತ್ತಿದ್ದ ನನಗೇ ಒಂದು ಡಬ್ಬಿ ಕೊಳ್ಳಬೇಕು ಅನ್ನಿಸಿತು. ಈ ಮಾತುಗಳಲ್ಲಿ ಒಂದೂ ನನ್ನ ಪುಟದಲ್ಲಿ ಇರಲಿಲ್ಲ. ಅವುಗಳ ಜಾಗದಲ್ಲಿ ‘ಅಜ್ಜಿಯ ಕೈಗುಣ’ ಇತ್ತು.

ಹುಬ್ಬಳ್ಳಿಯವರೊಬ್ಬರು, ‘ಅರ್ಧ ಕೆಜಿಯೊಳಗ ಮಿಡಿ ಎಷ್ಟ್ ಬರ್ತಾವ್ರೀ? ರಸಾನ ಜಾಸ್ತಿ ಇರ್ತೈತೇನು?’ ಎಂದು ಕೇಳಿದರು. ಎಷ್ಟು ನ್ಯಾಯವಾದ ಪ್ರಶ್ನೆ! ಡಬ್ಬಿಯ ಮೇಲಿನ ತೂಕದಲ್ಲಿ ರಸವೂ ಸೇರಿರುತ್ತದೆ, ಕೊಳ್ಳುವವರಿಗೆ ಬೇಕಾದ್ದು ಮಿಡಿಯ ಲೆಕ್ಕ. ಜೀರಿಗೆ ಮಿಡಿ ತಳಿಯಾದರೆ ಇಷ್ಟು, ಅನಂತಭಟ್ಟನ ಅಪ್ಪೆ ತಳಿಯಾದರೆ ಇಷ್ಟು ಎಂದು ಅಕ್ಕ ಯೋಚಿಸದೆ ಹೇಳಿಬಿಟ್ಟರು. ಮಂಗಳೂರಿನಿಂದ ಮಾಡಿದವರು ಪುನರ್ಪುಳಿ ಕೇಳಿದರು. ಮುಂಬಯಿಯಿಂದ ಮಾಡಿದವರು ಕೋಕಂ ಅಂದರು. ಎರಡೂ ನಮ್ಮ ಮುರುಗಲೇ. ನನ್ನ ಪುಟದಲ್ಲಿ ‘ಮುರುಗಲು’ ಎಂಬ ಒಂದೇ ಹೆಸರಿತ್ತು. ಅವರು ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಅಕ್ಕನ ಮನೆ ಸಿಗುತ್ತಿರಲಿಲ್ಲ.

ಒಂದು ಕರೆ ಮಾತ್ರ ಬೇಸರದ್ದು. ಹಿಂದಿನ ತಿಂಗಳು ಹೋದ ಡಬ್ಬಿ ದಾರಿಯಲ್ಲಿ ಸೋರಿ, ಪಾರ್ಸೆಲ್ ಪೂರ್ತಿ ಒದ್ದೆಯಾಗಿ ತಲುಪಿತ್ತಂತೆ. ಅಕ್ಕ ಒಂದು ಮಾತೂ ವಾದಿಸಲಿಲ್ಲ. ‘ಒಂದು ಫೋಟೋ ಕಳಿಸಿ, ಬೇರೆ ಡಬ್ಬಿ ಕಳಿಸ್ತೇನೆ,’ ಅಂದರು. ಫೋನ್ ಇಟ್ಟ ಮೇಲೆ ನನ್ನತ್ತ ತಿರುಗಿ, ‘ದೂರದಲ್ಲಿದ್ದವ್ರು ಮೊದ್ಲು ದುಡ್ಡು ಕಳಿಸ್ತ. ನಮ್ಮನ್ನ ನಂಬಿ ಅಲ್ದಾ?’ ಅಂದರು. ನೋಟ್‌ಬುಕ್ಕಿನಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದೆ.

ಹತ್ತಿರದ ಸಹಸ್ರಲಿಂಗ ನೋಡಲು ಬಂದವರ ಕರೆಗಳೂ ಇದ್ದವು. ಬೇಸಿಗೆಯಲ್ಲಿ ಶಾಲ್ಮಲೆಯ ನೀರು ಇಳಿದು ಬಂಡೆಗಳ ಮೇಲಿನ ಲಿಂಗಗಳು ಚೆನ್ನಾಗಿ ಕಾಣುತ್ತವೆ, ಜನ ಬರುತ್ತಾರೆ. ಅವರಿಗೆ ಬೇಕಾದ್ದು ಮೂರೇ: ಎಲ್ಲಿ ತಿರುಗಬೇಕು, ಕಾರು ಮನೆಯ ತನಕ ಬರುತ್ತದೆಯೇ, ಮಧ್ಯಾಹ್ನ ಮನೆಯಲ್ಲಿ ಯಾರಾದರೂ ಇರುತ್ತಾರೆಯೇ.

ಸಂಜೆಯ ಹೊತ್ತಿಗೆ 17 ಕರೆ ಬರೆದುಕೊಂಡಿದ್ದೆ. ಬೆಲೆ ಅಥವಾ ಅಂಚೆ ಖರ್ಚು ಕೇಳದ ಕರೆ ಎರಡೋ ಮೂರೋ. ಕೊನೆಯ ಬಸ್ಸಿನಲ್ಲಿ ಶಿರಸಿಗೆ ಬಂದು, ರಾತ್ರಿಯೇ ಆ ವಿಡಿಯೋ ಅಳಿಸಿದೆ.

ಹೊಸ ಪುಟದ ತಲೆಯಲ್ಲಿ ಬಂದದ್ದು ಒಂದು ಸ್ಟೀಲ್ ತಟ್ಟೆಯ ಚಿತ್ರ. ತಟ್ಟೆಯಲ್ಲಿ ಅಕ್ಕನದೇ ಉಪ್ಪಿನಕಾಯಿ, ಪಕ್ಕದಲ್ಲಿ ಒಂದು ಚಮಚ. ಚಮಚ ಇದ್ದರೆ ಮಿಡಿಯ ಗಾತ್ರ ಗೊತ್ತಾಗುತ್ತದೆ. ಮೊದಲು ನಾನು ಹಾಕಿದ್ದು ಇಂಟರ್ನೆಟ್‌ನಲ್ಲಿ ಕೊಂಡ ಚಿತ್ರ, ಎಣ್ಣೆಯಲ್ಲಿ ತೇಲುವ ಮಾವಿನ ಹೋಳುಗಳು. ಅದನ್ನು ನೋಡಿ ತರಿಸಿಕೊಂಡವರಿಗೆ ಇಡೀ ಮಿಡಿ, ಎಣ್ಣೆಯಿಲ್ಲದ ರಸ ಬಂದರೆ ಮೋಸವಾಯಿತು ಅನ್ನಿಸದೆ ಇರುತ್ತದೆಯೇ? ಚಿತ್ರದ ಕೆಳಗೆ ತಳಿಯ ಹೆಸರು, ತೂಕ, ಸುಮಾರು ಎಷ್ಟು ಮಿಡಿ, ಬೆಲೆ. ಅದರ ಕೆಳಗೇ ಅಂಚೆ ಖರ್ಚು. ಸ್ಪೀಡ್ ಪೋಸ್ಟ್ ದರ ತೂಕ ಮತ್ತು ದೂರವನ್ನು ಅವಲಂಬಿಸಿರುತ್ತದೆ, ಅರ್ಧ ಕೆಜಿ ಉಪ್ಪಿನಕಾಯಿ ಡಬ್ಬಿ, ರಟ್ಟು ಎಲ್ಲ ಸೇರಿ ಅರ್ಧ ಕೆಜಿಯ ಮಿತಿ ದಾಟಿಬಿಡುತ್ತದೆ. ಅದನ್ನು ಮುಚ್ಚಿಡದೆ, ಒಂದು ಡಬ್ಬಿಗೆ ಇಷ್ಟು, ಎರಡು ಡಬ್ಬಿಗೆ ಇಷ್ಟು ಎಂದು ಬರೆದೆವು. ಕೊನೆಗೆ ಕೊಡಬೇಕಾದ ಒಟ್ಟು ಮೊತ್ತ ಮೊದಲೇ ಕಾಣಬೇಕು ಎಂಬುದು ಅಕ್ಕನ ಹಟ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳೂ ಅದನ್ನೇ ಹೇಳುತ್ತವೆ. ಮಾರುವವರ ವಿಳಾಸ, ಒಟ್ಟು ಬೆಲೆ, ಹಾಳಾಗಿ ಬಂದರೆ ಏನು ಮಾಡಿಕೊಡುತ್ತೀರಿ ಎಂಬುದು ಕೊಳ್ಳುವ ಮೊದಲೇ ಗ್ರಾಹಕರಿಗೆ ಗೊತ್ತಾಗಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್ಎಸ್ಎಸ್ಎಐ ಸಂಖ್ಯೆಯನ್ನು ಪುಟದ ಕೆಳಗೆ ಹಾಕಿದೆ. ‘ಫೋಟೋ ಕಳಿಸಿ, ಬೇರೆ ಡಬ್ಬಿ ಕಳಿಸುತ್ತೇವೆ’ ಎಂಬ ಸಾಲನ್ನು ಬೆಲೆಯ ಪಕ್ಕದಲ್ಲೇ ಇಟ್ಟೆ.

ಅಕ್ಷರಗಳ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಕನ್ನಡದಲ್ಲಿ ಪುಟ ಮಾಡುವ ಎಲ್ಲರಿಗೂ ಇದು ಎದುರಾಗುತ್ತದೆ. ಅಕ್ಕ ಕೊಟ್ಟ ಪಟ್ಟಿ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದ್ದು. ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ಬದಲಿಸಿ, ಒಂದೊಂದೇ ಸಾಲು ತಿದ್ದಿದೆ. ಇನ್ನೊಂದು ತೊಂದರೆ ಒತ್ತಕ್ಷರದ್ದು. ಪುಟದ ಸಿದ್ಧ ಅಚ್ಚುಗಳು (ಟೆಂಪ್ಲೇಟ್) ಹೆಚ್ಚಾಗಿ ಇಂಗ್ಲಿಷ್ ಲೆಕ್ಕದಲ್ಲಿ ಸಾಲಿನ ಅಂತರ ಇಟ್ಟಿರುತ್ತವೆ. ‘ಉಪ್ಪಿನಕಾಯಿ’ಯ ಪ ಒತ್ತು ಕೆಳಗಿನ ಸಾಲಿಗೆ ತಾಗಿ ಅರ್ಧ ಕತ್ತರಿಸಿ ಹೋಗಿತ್ತು. ಅಂತರವನ್ನು ಅಕ್ಷರದ ಗಾತ್ರದ 1.2 ಪಟ್ಟಿನಿಂದ 1.7 ಪಟ್ಟಿಗೆ ಏರಿಸಿದ ಮೇಲೆ ಅಕ್ಷರಗಳಿಗೆ ಉಸಿರು ಬಂತು. ತಿಳಿಹಸಿರು ಅಕ್ಷರವನ್ನು ಕಡುಹಸಿರು ಮಾಡಿದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಎಂಬ ಮಾನದಂಡವಿದೆ. ಅದನ್ನು ಓದಿ ತಿಳಿದಿದ್ದೆ, ಅಕ್ಕನ ಕನ್ನಡಕದ ಎದುರು ಅದರ ಕಾರಣ ಗೊತ್ತಾಯಿತು.

ಮುರುಗಲಿನ ಹೆಸರಿನ ಪಕ್ಕದಲ್ಲಿ ಪುನರ್ಪುಳಿ, ಕೋಕಂ ಎರಡನ್ನೂ ಬರೆದೆ. ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರೂ ಬಹಳ ಇದ್ದಾರೆ. ‘ಅಪ್ಪೆಮಿಡಿ’ಯನ್ನು ಎರಡೂ ಲಿಪಿಯಲ್ಲಿ ಇಟ್ಟೆ.

ಎರಡನೇ ಸಲ ಹೋದಾಗ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಪುಟವನ್ನು ಅಕ್ಕನ ಫೋನಿನಲ್ಲೇ ತೆರೆಸಿದೆ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ. ಮೊದಲಿನ ಪುಟ 11 ಎಂಬಿ ಇತ್ತು, ಆ ಮೂಲೆಯಲ್ಲಿ ಅದು ಬಿಳಿ ಪರದೆಯಾಗಿಯೇ ಉಳಿದಿದ್ದನ್ನು ಆ ದಿನ ಕಂಡಿದ್ದೆ. ಈಗ ಚಿತ್ರಗಳನ್ನು ವೆಬ್‌ಪಿ ಎಂಬ ಹಗುರ ರೂಪಕ್ಕೆ ಇಳಿಸಿದ್ದೆ. ಬೇರೆ ಕನ್ನಡ ಫಾಂಟ್ ಕಳಿಸುವ ಬದಲು ಫೋನಿನಲ್ಲಿ ಇರುವುದನ್ನೇ ಬಳಸಿದ್ದೆ, ಆಂಡ್ರಾಯ್ಡ್‌ನಲ್ಲಿ ನೋಟೋ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಒಟ್ಟು ಅರ್ಧ ಎಂಬಿಗಿಂತ ಕಡಿಮೆ. ಪುಟ ತೆರೆಯಿತು.

ಆದರೆ ಒಂದು ಕಡೆ ತಡೆಯಿತು. ಹಣ ಕಳಿಸಲು ಕ್ಯೂಆರ್ ಚಿತ್ರ ಇಟ್ಟಿದ್ದೆ. ಅಕ್ಕನ ಸೊಸೆ ತಾನೇ ಗಿರಾಕಿಯಾಗಿ ಕೊಳ್ಳಲು ಹೊರಟವಳು ಅಲ್ಲಿಗೆ ಬಂದು ನಿಂತು ನನ್ನನ್ನು ಕೇಳಿದಳು. ‘ಅಕ್ಕಾ, ಇದೇ ಫೋನಿನಲ್ಲಿರುವ ಕ್ಯೂಆರನ್ನು ಇದೇ ಫೋನಿನಿಂದ ಹೇಗೆ ಸ್ಕ್ಯಾನ್ ಮಾಡುವುದು?’ ಅಂಗಡಿಯ ಗೋಡೆಯ ಮೇಲೆ ಸರಿಯಾಗುವುದು ಕೈಯಲ್ಲಿರುವ ಪುಟಕ್ಕೆ ಸರಿಯಾಗಲಿಲ್ಲ. ಅಲ್ಲೇ ಕೂತು ಯುಪಿಐ ಐಡಿಯನ್ನು ಅಕ್ಷರದಲ್ಲಿ ಹಾಕಿ, ಮುಟ್ಟಿದರೆ ನಕಲಾಗುವಂತೆ ಮಾಡಿದೆ. ಫೋನ್ ನಂಬರನ್ನೂ ಹಾಗೆಯೇ, ಮುಟ್ಟಿದರೆ ಕರೆ ಹೋಗುವಂತೆ.

ತೊಡದೇವಿನ ಬಗ್ಗೆ ನಮ್ಮಿಬ್ಬರಿಗೆ ಮಾತಾಯಿತು. ಎಲ್ಲಕ್ಕಿಂತ ಚಂದದ ಚಿತ್ರ ಅದರದ್ದು, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಿಸಿ ಮಡಕೆಯ ಬೆನ್ನಿಗೆ ಬಳಿದು ಕಾಗದದ ಹಾಗೆ ಎಬ್ಬಿಸುವುದು. ಅದನ್ನೂ ಮಾರೋಣ ಅಂದೆ. ಅಕ್ಕ ಒಪ್ಪಲಿಲ್ಲ. ‘ಪೋಸ್ಟಲ್ಲಿ ಹೋದ್ರೆ ಪುಡಿ ಆಗ್ತು. ಪುಡಿ ಕಳಿಸಿ ದುಡ್ಡು ತಗಂಬದು ಬ್ಯಾಡ.’ ಚಿತ್ರ ಉಳಿಯಿತು, ಕೆಳಗೆ ‘ಅಂಚೆಯಲ್ಲಿ ಕಳಿಸುವುದಿಲ್ಲ, ಮನೆಗೆ ಬಂದರೆ ಸಿಗುತ್ತದೆ’ ಎಂಬ ಸಾಲು ಬಂತು. ಅದರ ಪಕ್ಕದಲ್ಲಿ ಮ್ಯಾಪ್, ಎಲ್ಲಿ ತಿರುಗಬೇಕು ಎಂಬ ವಿವರ.

ಉಳಿದದ್ದು ದಾಸ್ತಾನಿನ ಲೆಕ್ಕ. ಖಾಲಿಯಾದ ಸರಕು ಪುಟದಲ್ಲಿ ಇದ್ದರೆ ಕರೆ ಮಾಡಿದವರಿಗೆ ಇಲ್ಲ ಅನ್ನಬೇಕಾಗುತ್ತದೆ. ಪ್ರತಿ ಸಲ ನನಗೆ ಹೇಳಿ ತಿದ್ದಿಸುವುದು ಆಗದ ಮಾತು. ಗೂಗಲ್ ಶೀಟಿನಲ್ಲಿ ಒಂದು ಪಟ್ಟಿ ಮಾಡಿ, ಪುಟ ಅದನ್ನೇ ಓದಿಕೊಳ್ಳುವಂತೆ ಜೋಡಿಸಿದೆ. ಸರಕಿನ ಹೆಸರಿನ ಎದುರು ಒಂದು ಚೌಕ, ಅದರಲ್ಲಿ ಅಕ್ಕ ತಮ್ಮ ಮಾತಿನಲ್ಲೇ ‘ಇದ್ದು’ (ಇದೆ) ಅಥವಾ ‘ಇಲ್ಲೆ’ (ಇಲ್ಲ) ಎಂದು ಬರೆದರೆ ಸಾಕು. ಪಕ್ಕದಲ್ಲಿ ಗಿರಾಕಿಗಳಿಗೆ ಏನಾದರೂ ಹೇಳುವುದಿದ್ದರೆ ಇನ್ನೊಂದು ಚೌಕ.

ಜೂನ್ ಕೊನೆಗೆ ಮಳೆ ಹಿಡಿದು ಎರಡು ದಿನ ಅಲ್ಲಿ ಕರೆಂಟು ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಪುಟ ತೆರೆದು ನೋಡಿದೆ. ಜೀರಿಗೆ ಮಿಡಿಯ ಎದುರು ಅಕ್ಕ ತಾವೇ ಬರೆದಿದ್ದರು: ‘ಇಲ್ಲೆ. ಈ ಸಲ ಮರ ಬಿಟ್ಟಿದ್ದೇ ಕಮ್ಮಿ. ಮುಂದಿನ ವರ್ಷ ಕೇಳಿ.’ ಪುಸ್ತಕದ ಕನ್ನಡಕ್ಕೆ ತಿದ್ದಲು ಬೆರಳು ಹೋಯಿತು. ತಿದ್ದದೆ ಹಾಗೇ ಬಿಟ್ಟೆ.