ಸಡಿಲ ಮುಷ್ಟಿ

"ಮುಷ್ಟಿ ಸಡಿಲ ಮಾಡೋ. ಹಂಗೆ ಬಿಗಿಯಾಗಿ ಹಿಡ್ಕೊಂಡ್ರೆ ಅವನ ಭುಜಾನೇ ಕಿತ್ಕೊಂಡು ಹೋಗುತ್ತೆ."

ಭಾನುವಾರ ದೊಡ್ಡಪ್ಪ ಆಡಿದ ಈ ಮಾತು ವಾರವಿಡೀ ಕಿವಿಯಲ್ಲೇ ಇದೆ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಓಪನ್ ರೈಲ್ಸ್ ಎಂಬ ಸಿಮ್ಯುಲೇಟರ್‌ನಲ್ಲಿ ನಾನು ಮೈಸೂರು–ಅರಸೀಕೆರೆಯ ಹಳೇ ಮೀಟರ್ ಗೇಜ್ ದಾರಿ ಕಟ್ಟುತ್ತಿದ್ದೇನೆ. ಹಳಿ, ಹೊಂಗೆ ಮರ, ಹೆಂಚಿನ ಸ್ಟೇಷನ್ ಎಲ್ಲ ಮುಗಿಸಿ, ಟೋಕನ್ ಕೊಡುವ ಪಾಯಿಂಟ್ಸ್‌ಮನ್ನನ್ನು ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲಿಸಿದ್ದೆ. ಖಾಕಿ ಬಟ್ಟೆ, ಎತ್ತಿದ ಕೈಯಲ್ಲಿ ಬೆತ್ತದ ರಿಂಗು, ಅದಕ್ಕೆ ಕಟ್ಟಿದ ಚರ್ಮದ ಚೀಲ. ಅದೇ ಕೆಲಸ ಮಾಡಿ ರಿಟೈರ್ ಆದ ದೊಡ್ಡಪ್ಪನ ಕಣ್ಣು ನೇರ ಮುಷ್ಟಿಗೇ ಹೋಯಿತು.

ಒಂಟಿ ಹಳಿಯಲ್ಲಿ ಎರಡು ಸ್ಟೇಷನ್‌ಗಳ ನಡುವೆ ಒಂದೇ ಗಾಡಿ ಇರಬೇಕು. ಎರಡೂ ಕಡೆಯ ನೀಲ್ಸ್ ಬಾಲ್ ಟೋಕನ್ ಯಂತ್ರಗಳಿಗೆ ತಂತಿಯ ನಂಟು. ಒಂದು ಉಕ್ಕಿನ ಗುಂಡು ಹೊರಗೆ ಬಂತೆಂದರೆ, ಅದು ಮತ್ತೆ ಯಂತ್ರದೊಳಕ್ಕೆ ಬೀಳುವವರೆಗೆ ಇನ್ನೊಂದು ಬರುವುದಿಲ್ಲ. ಆ ಗುಂಡೇ ಟೋಕನ್. ರಿಂಗಿನ ಚೀಲದಲ್ಲಿ ಕೂತು ಅದು ಇಂಜಿನ್ ಸೇರಿದರೇ ಡ್ರೈವರು ಮುಂದಕ್ಕೆ ಹೋಗಬಹುದು. ಆ ಕಾಲದಲ್ಲಿ ನಿಲ್ಲದೆ ಹೋಗುವ ಗಾಡಿಯಾದರೆ ಇಂಜಿನ್ನಿನ ಫೈರ್‌ಮನ್ ಹೊರಕ್ಕೆ ಬಾಗಿ ರಿಂಗಿನೊಳಗೆ ತೋಳು ತೂರಿಸುತ್ತಿದ್ದ. ಕೆಳಗಿರುವವನ ಬೆರಳಿನಿಂದ ರಿಂಗು ಆ ಕ್ಷಣಕ್ಕೆ ಜಾರಿಕೊಳ್ಳಬೇಕಿತ್ತು. ಮುಂಚೆ ಬಿಟ್ಟರೆ ಟೋಕನ್ ನೆಲಕ್ಕೆ, ಗಾಡಿ ನಿಲ್ಲುತ್ತಿತ್ತು. ಬಿಡದಿದ್ದರೆ ದೊಡ್ಡಪ್ಪ ಹೇಳಿದ ಹಾಗೆ.

ನಾನು ಮಾಡಿದ್ದ ಬೊಂಬೆಯ ಐದೂ ಬೆರಳು ಒಂದೇ ಮುದ್ದೆ. ಅದನ್ನು ಬಿಡಿಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮಾತ್ರ ರಿಂಗು ನಿಲ್ಲುವಂತೆ ಮಾಡಲು ಮೂರು ರಾತ್ರಿ ಹಿಡಿಯಿತು. ಜೊತೆಗೆ ರೂಟ್ ಕಟ್ಟುವ ಗೆಳೆಯ ಕೇಳಿದ, "ಗಾಡಿ ಹೋಗ್ತಿರುವಾಗ ಬೆರಳು ಯಾರು ನೋಡ್ತಾರೆ?" ಅವನು ಒಳ್ಳೆಯ ಕೆಲಸಗಾರ. ವೈಪಿ ಎಂಬ ಉಗಿ ಇಂಜಿನ್ನಿನ ಒಂದೊಂದು ರಿವೆಟ್ಟನ್ನೂ ಎಣಿಸಿ ಕೂರಿಸಿದವನು. ಆ ಶ್ರದ್ಧೆಯಲ್ಲಿ ಒಂದು ಪಾಲು ಮನುಷ್ಯರಿಗೂ ಸಿಗಲಿ ಎನ್ನುವುದು ನನ್ನ ಹಟ. ನಾವು ಕಟ್ಟಿದ ಎಷ್ಟೋ ರೂಟ್‌ಗಳಲ್ಲಿ ಸಿಗ್ನಲ್ ತಾನೇ ಬೀಳುತ್ತದೆ, ಗೇಟು ತಾನೇ ಮುಚ್ಚುತ್ತದೆ, ನರಪಿಳ್ಳೆ ಇರುವುದಿಲ್ಲ. ಮಳೆಯಲ್ಲಿ, ನಡುರಾತ್ರಿಯಲ್ಲಿ ಓಡುವ ಇಂಜಿನ್ನಿನ ಮಗ್ಗುಲಲ್ಲೇ ಕೈ ಎತ್ತಿ ನಿಂತವರಿಂದ ಆ ಗಾಡಿಗಳು ಊರು ಸೇರಿದ್ದು. ಅವರು ಹಾಗೆ ನಿಂತ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಇರುವುದು ದೊಡ್ಡಪ್ಪನ ಮದುವೆಯ ಫೋಟೋ ಒಂದೇ.

ನಿನ್ನೆ ಸಂಜೆ ಮತ್ತೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬೆರಳನ್ನೇ ನೋಡಿದರು. "ಈಗ ಸರಿ" ಎಂದರು. ಆಮೇಲೆ, "ಒಬ್ಬನ್ನೇ ನಿಲ್ಸಿದೀಯಲ್ಲ, ಇಂಜಿನ್ನಿನವ್ರು ಹಿಂದಿನ ಸ್ಟೇಷನ್ನಿಂದ ತಂದ ಟೋಕನ್ ಎಸೀತಾರಲ್ಲ, ಅದನ್ನ ಯಾರು ಆರಿಸ್ತಾರೆ?"

ಇನ್ನೊಬ್ಬನನ್ನು ತಂದು ಮೊದಲನೆಯವನ ಪಕ್ಕದಲ್ಲಿಟ್ಟೆ.

"ಅಲ್ಲಲ್ಲ, ಮುಂದೆ. ಎಸೆದ ರಿಂಗು ಗಾಡಿ ಜೊತೆಗೇ ಒಂದಷ್ಟು ದೂರ ಉರುಳ್ಕೊಂಡು ಹೋಗುತ್ತೆ."

ಮೌಸ್ ಹಿಡಿದು ಸರಿಸುತ್ತಾ ಹೋದೆ. ಬೇವಿನ ಮರದ ಹತ್ತಿರ ಬಂದಾಗ, "ಅಲ್ಲೇ ಬಿಡು" ಎಂದರು.