ಅಡುಗೆ ಕಟ್ಟೆ ಕಲ್ಲು ಕಿಟಕಿ ಗೂಡಿನೊಳಗೆ: ಕೆಲ್ಸ ಎಲ್ಲಿವರೆಗೆ ಬಂತು

ಕಲ್ಲು ಕೂತಿದೆ! ಟೈಲ್ ಮತ್ತೆ ಸಿಲಿಕಾನ್ (ಸಂದು ಮುಚ್ಚೋ ರಬ್ಬರಿನಂಥ ಅಂಟು) ಅಷ್ಟೇ ಬಾಕಿ. ಹಳೇ ಮನೆ ಇಟ್ಕೊಂಡಿರೋರಿಗೆ ಉಪಯೋಗ ಆಗ್ಲಿ ಅಂತ ಇಲ್ಲಿವರೆಗಿನದು ಬರೀತಿದೀನಿ.

ಮೈಸೂರಲ್ಲಿ ಅಮ್ಮ ಇರೋ ಮನೆ, ಇಟ್ಟಿಗೆ ಗೋಡೆ 14 ಇಂಚು ದಪ್ಪ. ಕಿಟಕಿ ಚೌಕಟ್ಟು ಹೊರಗಡೆ ಅಂಚಿಗಿದೆ, ಒಳಗಡೆ 9 ಇಂಚು ಗೂಡು ಉಳಿಯತ್ತೆ. ಹಳೇ ಕಟ್ಟೆ ಗೋಡೆ ಹತ್ರ ಬಂದು ನಿಲ್ತಿತ್ತು, ಗೂಡಿಗೆ ಬೇರೆ ಕಲ್ಲು, ಮಧ್ಯ ಉದ್ದಕ್ಕೂ ಸಂದು. ಅಲ್ಲಿ ತುಂಬಿದ್ದ ವೈಟ್ ಸಿಮೆಂಟ್ ಉದುರೋದು, ಸೊಪ್ಪು ತೊಳ್ದ ನೀರೆಲ್ಲ ಅದ್ರೊಳಗೇ ಇಳಿಯೋದು, ಕೆಳಗೆ ಡಬ್ಬಿ ಇಡೋ ಜಾಗದ ಗೋಡೆ ಯಾವಾಗ್ಲೂ ತೇವ, ಜಿರಳೆ ಬೇರೆ. ನೀರು ಬೀಳೋ ಜಾಗದಲ್ಲೇ ಸಂದು ಇಟ್ರೆ ಏನು ತುಂಬಿದ್ರೂ ಒಂದಿನ ಬಿಡತ್ತೆ. ಅದಕ್ಕೆ ಈ ಸಲ ಒಂದೇ ಕಲ್ಲು, ಕಟ್ಟೆ 24 ಇಂಚು, ಗೂಡಿನೊಳಗೆ ಹೋಗೋ ನಾಲಿಗೆ 9 ಇಂಚು, ಒಟ್ಟು 33.

ಕಲ್ಲು ಚಾಮರಾಜನಗರದ ಕಪ್ಪು, 18 ಎಂಎಂ. ಅಂಗಡೀಲಿ ಬ್ಲ್ಯಾಕ್ ಗ್ರಾನೈಟ್ ಅಂತಾರೆ, ಭೂವಿಜ್ಞಾನದವ್ರ ಲೆಕ್ಕದಲ್ಲಿ ಅದು ಡಾಲರೈಟ್, ಗ್ರಾನೈಟ್‌ಗಿಂತ ಸ್ವಲ್ಪ ಭಾರ. 7 ಅಡಿ ಉದ್ದಕ್ಕೆ ನೂರು ಕೆಜಿ ಹತ್ರ ಬರತ್ತೆ.

ಮೊದ್ಲು ನೋಡ್ಬೇಕಾಗಿದ್ದು ಎತ್ತರ. ಗೂಡಿನ ತಳ ನೆಲದಿಂದ ಕಾಲಿಂಚು ಕಮ್ಮಿ 32, ಅಮ್ಮಂಗೆ ಬೇಕಾಗಿದ್ದು 33. ಅರ್ಧ ಇಂಚು ಗಾರೆ, ಮುಕ್ಕಾಲು ಇಂಚು ಕಲ್ಲು, ಸರಿಹೋಯ್ತು. ಬಾಗಿಲು ಒಳಗಡೆ ತೆಗೆಯೋ ಕಿಟಕಿ ಆದ್ರಿಂದ ರೆಕ್ಕೆ ಕಲ್ಲಿಗೆ ಉಜ್ಜುತ್ತಾ ಅಂತ ಭಯ ಇತ್ತು, ಚೌಕಟ್ಟಿನ ಕೆಳಗಿನ ಪಟ್ಟಿ 3 ಇಂಚು ಇರೋದ್ರಿಂದ ಇಂಚಿಗಿಂತ ಜಾಸ್ತಿನೇ ಸಂದು ಉಳೀತು. ಸ್ಟೌವ್ ಮಾತ್ರ ಇಲ್ಲಿಡ್ತಿಲ್ಲ, ಕಿಟಕಿ ಗಾಳಿಗೆ ಉರಿ ನಿಲ್ಲಲ್ಲ. ಇದು ಹೆಚ್ಚೋಕೆ, ಸೊಪ್ಪು ಬಿಡ್ಸೋಕೆ, ಬೆಳಕಿರೋ ಜಾಗ.

ಈಗ ಅಳತೆ. ಹಳೇ ಗೋಡೇಲಿ ಟೇಪ್ ನಂಬ್ಕೊಂಡು ಕಲ್ಲು ಕಟ್ ಮಾಡ್ಸಬೇಡಿ. ನಮ್ ಗೂಡು ಚೌಕಟ್ಟಿನ ಹತ್ರ 44½ ಇಂಚು, ಅಡುಗೆಮನೆ ಕಡೆ ಬಾಯಿ ಹತ್ರ 46, ಅದೂ ಎಡಗಡೆ ಗೋಡೆ ಜಾಸ್ತಿ ಓರೆ, ಬಲಗಡೆ ಕಮ್ಮಿ, ಮೂಲೆಮಟ್ಟ ಇಟ್ರೆ ಯಾವ ಮೂಲೇನೂ ಕೂರಲ್ಲ. ಬಾಯಿ ಅಗಲ ಇರೋದು ನಮ್ ಪುಣ್ಯ, ಒಳಗೆ ಅಗಲ ಆಗಿ ಬಾಯಿ ಕಿರಿದಾಗಿದ್ರೆ ಕಲ್ಲು ಒಳಗೇ ಹೋಗ್ತಿರ್ಲಿಲ್ಲ. ಸಡಿಲ ಗಾರೆ ಎಲ್ಲಾ ಕೆತ್ತಿ ಹಾಕಿ ಆಮೇಲೆ ಫ್ರಿಜ್ ಬಾಕ್ಸಿನ ರಟ್ಟು ತಗೊಂಡೆ. ಎಡಗೋಡೆಗೆ ಒಂದು ಪಟ್ಟಿ, ಬಲಗೋಡೆಗೆ ಒಂದು, ಗೋಡೆಯ ಉಬ್ಬುತಗ್ಗು ಹೇಗಿದ್ಯೋ ಹಾಗೇ ಕತ್ತರಿಸಿ, ಅಲ್ಲೇ ಇಟ್ಟಿದ್ದಾಗ್ಲೇ ಅಡ್ಡಪಟ್ಟಿ ಹಾಕಿ ಟೇಪ್ ಅಂಟಿಸಿ, ಇಡೀದಾಗಿ ಮೇಲೆತ್ತಿದೆ. ಅದ್ರ ಮೇಲೆ ದೊಡ್ಡದಾಗಿ "ಮೇಲ್ಗಡೆ" ಅಂತ ಬರ್ದೆ, ಯಾಕಂದ್ರೆ ಅಂಗಡೀಲಿ ಮಗುಚಿ ಇಟ್ಕೊಂಡು ಗೆರೆ ಎಳೆದ್ರೆ ಎಡಬಲ ಅದಲುಬದಲಾಗಿ ಕಲ್ಲೇ ವೇಸ್ಟ್. ಎರಡು ಪಕ್ಕಕ್ಕೂ 4 ಎಂಎಂ ಬಿಡಿ ಅಂದೆ, ಗೋಡೆಗೆ ಹಚ್ಚೋ ಟೈಲ್ ದಪ್ಪದಲ್ಲಿ ಅದು ಮುಚ್ಚೋಗತ್ತೆ.

ಇನ್ನೊಂದು ಮುಖ್ಯ ವಿಷಯ, ನಾಲಿಗೆ ಶುರುವಾಗೋ ಒಳಮೂಲೆ. ಅಲ್ಲಿ ಬ್ಲೇಡನ್ನ ಎರಡೂ ಕಡೆಯಿಂದ ಓಡಿಸಿ ಚೂಪಾಗಿ ಬಿಟ್ರೆ ಬಿರುಕು ಶುರುವಾಗೋದೇ ಅಲ್ಲಿಂದ, ಎತ್ತುವಾಗ್ಲೇ ಮುರಿಬೋದು. ಮೊದ್ಲು ಮೂಲೇಲಿ 12 ಎಂಎಂ ತೂತು ಹಾಕಿ, ಬ್ಲೇಡನ್ನ ಆ ತೂತಿನ ತನಕ ಮಾತ್ರ ತಂದು ನಿಲ್ಲಿಸ್ಬೇಕು. ಮೂಲೆ ಗುಂಡಗಾಗತ್ತೆ, ಅದಕ್ಕೆ ಸರಿಯಾಗಿ ಗೋಡೆ ಏಣನ್ನೂ ಸ್ವಲ್ಪ ಕೆತ್ತಿ ಗುಂಡಗೆ ಮಾಡಿದ್ವಿ. ಕಟಿಂಗ್ ಪೂರ್ತಿ ನೀರು ಬಿಟ್ಕೊಂಡೇ ಮಾಡ್ಸಿ, ಗ್ರಾನೈಟ್ ಧೂಳಲ್ಲಿ ಸಿಲಿಕಾ ಇರತ್ತೆ, ಆ ಕೆಲ್ಸ ಮಾಡೋ ಹುಡುಗ್ರ ಶ್ವಾಸಕೋಶ ಹಾಳಾಗತ್ತೆ.

ಭಾನುವಾರ ನಾಲ್ಕು ಜನ ಹಿಡ್ಕೊಂಡು ತಂದ್ರು, ನಿಲ್ಲಿಸ್ಕೊಂಡೇ, ಮಲಗಿಸಿ ಹೊತ್ರೆ ತನ್ನ ಭಾರಕ್ಕೇ ಬಿರಿಯತ್ತೆ. ಗಾರೆ ಹಾಕೋಕೆ ಮುಂಚೆ ಹಾಗೇ ತಳ್ಳಿ ನೋಡಿದ್ವಿ, ಎಡಗಡೆ ಒಂದ್ಕಡೆ ಇಟ್ಟಿಗೆ ಮೂತಿ ತಾಗ್ತಿತ್ತು, ಮೇಸ್ತ್ರಿ ಉಳೀಲಿ ಎರಡೇಟು ಹಾಕಿದ್ರು. "ಸಾರ್, ಕಲ್ಲು ಉಜ್ಜೋಕ್ ಹೋಗ್ಬೇಡಿ, ಗೋಡೆ ಕೆತ್ತಿದ್ರೆ ಟೈಲ್ ಮುಚ್ಕೊಳ್ಳತ್ತೆ" ಅಂದ್ರು, ಸರಿಯಾದ ಮಾತು. ನಾಲಿಗೆ ಕೆಳಗೆ ಎಲ್ಲೂ ಟೊಳ್ಳು ಉಳೀದೆ ಇರೋ ಹಾಗೆ ಗಾರೆ ತುಂಬಿ, ರಸಮಟ್ಟ ಇಟ್ಟು ಕಿಟಕಿ ಕಡೆಯಿಂದ ಮುಂದಕ್ಕೆ 2 ಎಂಎಂ, ಸಿಂಕ್ ಕಡೆಗೆ 3 ಎಂಎಂ ಇಳಿಜಾರು ಕೊಟ್ಟಿದೀವಿ. ಚೌಕಟ್ಟಿನ ಮರಕ್ಕೆ ಕಲ್ಲು ತಾಗಿಸಿಲ್ಲ, ಮಳೆಗಾಲದಲ್ಲಿ ಮರ ಉಬ್ಬತ್ತಲ್ಲ, ಒಂದು ಬೆಳ್ಳಿ ಕಾಸು ತೂರೋ ಅಷ್ಟು ಸಂದು ಬಿಟ್ಟಿದೀವಿ.

ಮುಂದಿನ ವಾರ ಗೂಡಿನ ಪಕ್ಕಕ್ಕೆ ಟೈಲ್, ಆಮೇಲೆ ಸುತ್ತ ಸಿಲಿಕಾನ್. ಅದೂ ನ್ಯೂಟ್ರಲ್ ಅಂತ ಬರ್ದಿರೋದೇ ತರ್ತೀನಿ, ವಿನಿಗರ್ ವಾಸ್ನೆ ಬರೋದು ಕೆಲವು ಕಲ್ಲು, ಸಿಮೆಂಟಿಗೆ ಒಗ್ಗಲ್ಲ. ಹಚ್ಚಿದ್ಮೇಲೆ ಒಂದು ದಿನ ಪೂರ್ತಿ ಆ ಕಡೆ ನೀರು ಬೀಳ್ಸೋ ಹಾಗಿಲ್ಲ ಅಂತ ಅಮ್ಮಂಗೆ ಈಗ್ಲೇ ಹೇಳಿಟ್ಟಿದೀನಿ.