ಲಾರಿಯಲ್ಲೂ ಫೈನ್ಸ್, ರಸೀದಿಯಲ್ಲೂ ಫೈನ್

ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಹತ್ತಿರ ಲಾರಿ ತೂಗುವ ಒಂದು ವೇಬ್ರಿಡ್ಜಿನಲ್ಲಿ ಗುಮಾಸ್ತನಾಗಿದ್ದೆ. ದಿನವಿಡೀ ಬರೆಯುತ್ತಿದ್ದ ಪದ ಒಂದೇ, ಫೈನ್ಸ್. ಅದು ಸರಕಿನ ಹೆಸರು. ತೂಕ ಜಾಸ್ತಿಯಾದರೆ ದಾರಿಯಲ್ಲಿ ಬೀಳುವುದೂ ಫೈನ್. ‘ಹೆಂಗಿದೀಯಪ್ಪ?’ ಅಂತ ಡ್ರೈವರನ್ನು ಕೇಳಿದರೆ ಅವನು ಹೇಳುವುದೂ ‘ಫೈನ್ ಸಾರ್’.

ಕಬ್ಬಿಣದ ಅದಿರನ್ನು ಜರಡಿ ಹಿಡಿದಾಗ 10 ಮಿಲಿಮೀಟರಿಗಿಂತ ದಪ್ಪ ಇರುವುದು ಲಂಪ್ಸ್, ಕೆಳಗೆ ಬೀಳುವ ಪುಡಿ ಫೈನ್ಸ್. ಪುಡಿಯನ್ನು ಹಾಗೇ ಫರ್ನೇಸಿಗೆ ಸುರಿದರೆ ಒಳಗೆ ಗಾಳಿ ಆಡುವುದಿಲ್ಲ. ಹಾಗಾಗಿ ಒಂದು ಕಾಲಕ್ಕೆ ಅದನ್ನು ಗಣಿ ಪಕ್ಕದಲ್ಲೇ ಗುಡ್ಡೆ ಹಾಕಿ ಬಿಡುತ್ತಿದ್ದರು. ಚೀನಾದವರು ಕೊಳ್ಳಲು ಶುರು ಮಾಡಿದ ಮೇಲೆ ಆ ಗುಡ್ಡೆಗಳಿಗೂ ಬೆಲೆ ಬಂತು.

ಪುಡಿ, ದಂಡ, ಚೆನ್ನಾಗಿದೆ, ಈ ಮೂರು ಫೈನ್‌ಗಳಿಗೂ ಬೇರು ಒಂದೇ, ಲ್ಯಾಟಿನ್ನಿನ ಫೀನಿಸ್. ಅಂದರೆ ಕೊನೆ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಕೊನೆ ಮುಟ್ಟಿದ್ದು ಅಂದರೆ ಇನ್ನು ತಿದ್ದಲು ಏನೂ ಉಳಿಯದ್ದು, ಅದೇ ‘ಚೆನ್ನಾಗಿದೆ’ ಆಯಿತು. ಬಳ್ಳಾರಿಯ ಬೆಂಗಳೂರು ರಸ್ತೆಯ ಚಿನ್ನದಂಗಡಿ ಬೋರ್ಡುಗಳ 916 ಕೂಡ ಫೈನ್‌ನೆಸ್ಸಿನ ಲೆಕ್ಕವೇ: ಸಾವಿರಕ್ಕೆ 916 ಪಾಲು ಚಿನ್ನ. ನಯ, ತೆಳು, ಸಣ್ಣ ಪುಡಿ ಎಲ್ಲ ಆಮೇಲೆ ಸೇರಿಕೊಂಡ ಅರ್ಥಗಳು.

ನನಗೆ ಹಿಡಿಸಿದ್ದು ದಂಡದ ಕತೆ. ಹಳೇ ಇಂಗ್ಲೆಂಡಿನಲ್ಲಿ ತಕರಾರು ಮುಗಿಸಲು ಕಟ್ಟುವ ಹಣ ಫೈನ್. ಜಮೀನಿನ ವಿಷಯದಲ್ಲಿ ಕೋರ್ಟಿನ ಮುಂದೆ ಆಗುವ ರಾಜಿಗೂ ಅದೇ ಹೆಸರು. 1195ರಿಂದ ಆ ರಾಜಿಯನ್ನು ಒಂದೇ ಚರ್ಮದ ಹಾಳೆಯ ಮೇಲೆ ಮೂರು ಸಲ ಬರೆದು, ಅಂಕುಡೊಂಕಾಗಿ ಕತ್ತರಿಸುತ್ತಿದ್ದರು. ಎರಡು ತುಂಡು ಎರಡು ಕಡೆಯವರಿಗೆ. ಬುಡದ್ದು ಕೋರ್ಟಿಗೆ, ಅದನ್ನು ಫೈನಿನ ಪಾದ ಅಂತಲೇ ಕರೆಯುತ್ತಿದ್ದರು. ಮುಂದೆ ಯಾರಾದರೂ ಕಳ್ಳ ಪತ್ರ ತಂದರೆ ಅಂಚು ಕೂಡಿಬರುವುದಿಲ್ಲ, ಸಿಕ್ಕಿಬೀಳುತ್ತಾರೆ. ನಮ್ಮ ತೂಕದ ಚೀಟಿಯೂ ಮೂರು ಪ್ರತಿ ಅಲ್ವಾ! ಡ್ರೈವರಿಗೊಂದು, ಪಾರ್ಟಿಗೊಂದು, ಆಫೀಸಿಗೊಂದು. ನಮಗೆ ಕಾರ್ಬನ್ ಹಾಳೆ ಇತ್ತು, ಅವರು ಪಾಪ ಮೂರು ಸಲ ಕೈಯಲ್ಲೇ ಬರೆಯಬೇಕಿತ್ತು. 1833ರ ಕಾಯ್ದೆ ಆ ಪದ್ಧತಿಯನ್ನು ನಿಲ್ಲಿಸಿತು.

ಫೈನಾನ್ಸ್ ಕೂಡ ಇದೇ ಮನೆತನದ್ದು. ಫ್ರೆಂಚಿನಲ್ಲಿ ಮೊದಲು ಅದಕ್ಕೆ ಬಾಕಿ ತೀರಿಸುವುದು ಅಂತ ಅರ್ಥ. ನಮ್ಮ ಲಾರಿ ಮಾಲೀಕರಿಗೆ ಇದನ್ನು ಹೇಳಿದರೆ ನಗುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸುಮ್ನೆ ನಿಂತವು, ಕಂತು ಮಾತ್ರ ತಿಂಗಳಾ ಬರುತ್ತಲೇ ಇತ್ತು. ಕಟ್ಟಲಾಗದವರ ಗಾಡಿಗಳನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು.